ಬೋನ್ ಹಾಕಿದ ಪಾತ್ರವನ್ನು ತಿರುಗಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಾರವಾರದಲ್ಲಿ ಕೂತು ಟೂ-ಡಿ ಅನಿಮೇಷನ್ ಮಾಡುತ್ತೇನೆ. ಅಂಕೋಲಾ, ಕುಮಟಾ, ಶಿರಸಿ ಕಡೆಯ ಹುಡುಗ ಹುಡುಗಿಯರು ತಾವು ಮಾಡಿದ್ದನ್ನು ತೋರಿಸಿ ಸಲಹೆ ಕೇಳುತ್ತಿರುತ್ತಾರೆ. ನಡಿಗೆ ಬಂದಿರುತ್ತದೆ, ತುಟಿ ಮಾತಿಗೆ ಕೂಡಿರುತ್ತದೆ. ಪಾತ್ರ ಒಮ್ಮೆ ಆ ಕಡೆ ತಿರುಗಿ ನೋಡಬೇಕು ಅನ್ನುವಾಗ ಎಲ್ಲರೂ ಸಿಕ್ಕಿ ಬೀಳುತ್ತಾರೆ. ಅದಕ್ಕೇ ಈ ಪುಟ. ಇಲ್ಲಿ ತಿರುಗುವುದರ ಬಗ್ಗೆ ಮಾತ್ರ ಹೇಳಿದ್ದೇನೆ.

ನನ್ನ ಪಾತ್ರ ಚೆನ್ನಾಗಿ ನಡೆಯುತ್ತದೆ, ಕೈ ಬೀಸುತ್ತದೆ. ತಿರುಗಿಸಲು ಹೋದರೆ ಮಾತ್ರ ಯಾಕೆ ಕೆಡುತ್ತದೆ?

ಬೋನ್ ಅಂದರೆ ಸಾಫ್ಟ್‌ವೇರ್‌ನಲ್ಲಿ ಚಿತ್ರದೊಳಗೆ ಕೂರಿಸುವ ಒಂದು ಕಡ್ಡಿ, ಅದು ಅಲ್ಲಾಡಿದಂತೆ ಚಿತ್ರವೂ ಅಲ್ಲಾಡುತ್ತದೆ. ಅದರ ಒಂದು ತುದಿ ನೆಟ್ಟಿರುತ್ತದೆ, ಇನ್ನೊಂದು ತುದಿ ಗಡಿಯಾರದ ಮುಳ್ಳಿನ ಹಾಗೆ ಸುತ್ತುತ್ತದೆ. ಮೊಣಕೈ ಮಡಚುವುದು, ಕತ್ತು ವಾಲಿಸುವುದು, ಸೊಂಟ ಬಗ್ಗಿಸುವುದು ಎಲ್ಲ ಮುಳ್ಳಿನ ಕೆಲಸ. ಅವು ಪರದೆಯ ಮೇಲೆಯೇ ನಡೆಯುತ್ತವೆ.

ತಿರುಗುವುದು ಮಜ್ಜಿಗೆ ಕಡೆಯುವ ಕಡಗೋಲಿನ ಸುತ್ತು. ಕೋಲು ನೆಟ್ಟಗೇ ನಿಂತಿರುತ್ತದೆ, ಅದರ ಮುಂದಿನ ಭಾಗ ಹಿಂದೆ ಹೋಗುತ್ತದೆ, ಹಿಂದಿನದು ಮುಂದೆ ಬರುತ್ತದೆ. ನಿಮ್ಮ ಚಿತ್ರಕ್ಕೆ ಹಿಂಭಾಗವೇ ಇಲ್ಲ. ಬೋನ್ ಅದನ್ನು ಎಲ್ಲಿಂದ ತಂದೀತು? ನೀವು ಬರೆದುಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ತೊಗಲು ಬೊಂಬೆ ಆಡಿಸುವವರಿಗೂ ಇದೇ ಕಷ್ಟ ಇತ್ತು. ಬೊಂಬೆ ಚಪ್ಪಟೆ. ಅದರ ಮುಖ ಆ ಕಡೆ ಮಾಡಬೇಕಾದರೆ ಕಡ್ಡಿಯನ್ನು ತಟ್ಟನೆ ಮಗುಚುತ್ತಾರೆ. ನಡುವೆ ಒಂದು ಕ್ಷಣ ಬೊಂಬೆಯ ಅಂಚು ಮಾತ್ರ ಇರುತ್ತದೆ, ಆಮೇಲೆ ಪಾತ್ರ ಇನ್ನೊಂದು ಕಡೆ ನೋಡುತ್ತಿರುತ್ತದೆ. ನೋಡುವವರು ಅದನ್ನು ಒಪ್ಪುತ್ತಾರೆ. ತಿರುಗುವಿಕೆ ಎಂದರೆ ಬರೆದ ಚಿತ್ರಗಳು ಮತ್ತು ಅವು ಬದಲಾಗುವ ಸಮಯ. ಬೋನ್ ಇವೆರಡಕ್ಕೂ ಭಾರ, ಬಾಗು, ಬಳುಕು ಕೊಡುತ್ತದೆ. ಮುಂದೆ ಹೇಳುವುದೆಲ್ಲ ಈ ಒಂದು ಮಾತಿನ ಮೇಲೆಯೇ ನಿಂತಿದೆ.

ತಿರುಗಿಸಲು ಯಾವ ಯಾವ ದಾರಿಗಳಿವೆ?

ಸುಲಭದ್ದು ಮಗುಚುವುದು. ಬಲಕ್ಕೆ ನೋಡುವ ಪಾತ್ರವನ್ನು ಅಡ್ಡಕ್ಕೆ ತಿರುವಿ ಎಡಕ್ಕೆ ಮಾಡುವುದು. ದೂರದಲ್ಲಿ ಸಣ್ಣದಾಗಿ ಕಾಣುವ ಪಾತ್ರಕ್ಕೆ ಇಷ್ಟೇ ಸಾಕು. ಆದರೆ ಅಗಲವನ್ನು ನಿಧಾನಕ್ಕೆ ಸೊನ್ನೆಗೆ ಇಳಿಸಿ ಮತ್ತೆ ಹಿಗ್ಗಿಸಬೇಡಿ. ಆಗ ಮನುಷ್ಯ ಹೋಗಿ ಇಸ್ಪೀಟ್ ಎಲೆ ಬರುತ್ತದೆ.

ಎರಡನೆಯದು ಸ್ವಿಚ್ ಲೇಯರ್. ಲೇಯರ್ ಅಂದರೆ ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆಗಳಲ್ಲಿ ಒಂದು. ಮುಂದಿನ ನೋಟ, ಮುಂದಕ್ಕೂ ಪಕ್ಕಕ್ಕೂ ನಡುವಿನ ಮುಕ್ಕಾಲು ನೋಟ, ಪಕ್ಕದ ನೋಟ ಎಂದು ಬೇರೆ ಬೇರೆ ಬರೆದು ಒಂದೇ ಗುಂಪಿನಲ್ಲಿ ಇಡುತ್ತೀರಿ. ಯಾವ ಫ್ರೇಮ್‌ನಲ್ಲಿ ಯಾವುದು ಕಾಣಬೇಕು ಎಂದು ಆರಿಸುತ್ತೀರಿ. ಫ್ರೇಮ್ ಅಂದರೆ ಪರದೆಯ ಮೇಲೆ ಒಂದಾದ ಮೇಲೊಂದು ಬರುವ ಚಿತ್ರಗಳಲ್ಲಿ ಒಂದು. ಪ್ರತಿ ನೋಟವೂ ನಿಮ್ಮ ಕೈಯ ಗೆರೆ, ಹಾಗಾಗಿ ನಿಂತ ಭಂಗಿಗಳು ಚೆಂದ ಇರುತ್ತವೆ. ತೊಂದರೆ ಎಂದರೆ ಬದಲಾಗುವಾಗ ಒಂದು ಜಿಗಿತ ಕಾಣುತ್ತದೆ.

ಮೂರನೆಯದು ಡಯಲ್. ಪಾತ್ರದ ಹೊರಗೆ ಒಂದು ಬೋನ್ ಇಟ್ಟು, ಅದನ್ನು ತಿರುಗಿಸಿದಂತೆ ಮುಖದ ಗೆರೆಗಳನ್ನು ಹಿಡಿದಿರುವ ಬಿಂದುಗಳೆಲ್ಲ ಸರಿಯುವಂತೆ ಕಟ್ಟುವುದು. ಮೋಹೋ ಎಂಬ ಅನಿಮೇಷನ್ ಸಾಫ್ಟ್‌ವೇರ್‌ನಲ್ಲಿ ಇದಕ್ಕೆ ಸ್ಮಾರ್ಟ್ ಬೋನ್ ಅನ್ನುತ್ತಾರೆ. ಲೈವ್‌ಟೂಡಿ ಎಂಬ ಇನ್ನೊಂದರಲ್ಲಿ ಪ್ಯಾರಾಮೀಟರ್ ಎಂಬ ಹೆಸರಿನಲ್ಲಿ ಇದೇ ಯೋಚನೆ ಇದೆ. ಸ್ಪೈನ್ ಎಂಬ ಮತ್ತೊಂದರಲ್ಲಿ ಚಿತ್ರಕ್ಕೆ ಮೆಶ್, ಅಂದರೆ ಬಿಂದುಗಳ ಬಲೆ ಹಾಕಿ ಬಗ್ಗಿಸುತ್ತಾರೆ.

ನಾನು ಎರಡನೆಯದನ್ನೂ ಮೂರನೆಯದನ್ನೂ ಸೇರಿಸಿ ಮಾಡುತ್ತೇನೆ. ಮುಂದಿನ ನೋಟದಿಂದ ಮುಕ್ಕಾಲಿನವರೆಗೆ ಡಯಲ್. ಅಲ್ಲಿಂದ ಪಕ್ಕಕ್ಕೆ ಹೋಗುವಾಗ ಸ್ವಿಚ್. ಯಾಕೆಂದರೆ ಸುಮಾರು 45 ಡಿಗ್ರಿ ದಾಟಿದ ಮೇಲೆ ಮೂಗು ಕೆನ್ನೆಯ ಗೆರೆ ಮೀರಿ ಹೊರಗೆ ಬರುತ್ತದೆ, ಆಚೆಯ ಕಣ್ಣು ಮೂಗಿನ ಸೇತುವೆಯ ಹಿಂದೆ ಅಡಗುತ್ತದೆ. ಮುಖದ ಹೊರಗೆರೆಯೇ ಬೇರೆಯಾಗುತ್ತದೆ. ಅದೇ ಬಿಂದುಗಳನ್ನು ಎಳೆದು ಎಳೆದು ಅಲ್ಲಿಗೆ ತಲುಪಿಸುವುದಕ್ಕಿಂತ ಹೊಸ ಚಿತ್ರ ಬರೆಯುವುದು ಬೇಗ ಮುಗಿಯುತ್ತದೆ, ಚೆಂದವೂ ಇರುತ್ತದೆ.

ಒಟ್ಟು ಎಷ್ಟು ನೋಟ ಬರೆಯಬೇಕು?

ಪೂರ್ತಿ ಸುತ್ತಿಗೆ ಐದು: ಮುಂದೆ, ಮುಂದಿನ ಮುಕ್ಕಾಲು, ಪಕ್ಕ, ಹಿಂದಿನ ಮುಕ್ಕಾಲು, ಬೆನ್ನು. ನಡುವಿನ ಮೂರನ್ನು ಮಗುಚಿದರೆ ಎಂಟು ಆಗುತ್ತದೆ. ಕಥೆಯಲ್ಲಿ ಬೆನ್ನು ಕಾಣುವುದೇ ಇಲ್ಲ ಅಂದರೆ ಮೂರು ಸಾಕು. ಸುಮ್ನೆ ಎಂಟೂ ಬರೆದು ವಾರ ಕಳೆಯಬೇಡಿ.

ಐದನ್ನೂ ಒಂದೇ ಹಾಳೆಯಲ್ಲಿ ಸಾಲಾಗಿ ಬರೆಯಿರಿ. ನೆತ್ತಿ, ಕಣ್ಣು, ಗಲ್ಲ, ಭುಜ, ಸೊಂಟ, ಮೊಣಕಾಲು, ಪಾದ ಇವುಗಳ ಎತ್ತರಕ್ಕೆ ಅಡ್ಡ ಗೆರೆ ಎಳೆದುಕೊಳ್ಳಿ. ಒಂದು ನೋಟದಲ್ಲಿ ಭುಜ ಬೆರಳಗಲ ಮೇಲಿದ್ದರೂ ತಿರುಗುವಾಗ ಪಾತ್ರ ಬಿಕ್ಕಳಿಸಿದಂತೆ ಕಾಣುತ್ತದೆ.

ಮಗುಚಿದಾಗ ಸೆರಗು ಬಲ ಭುಜಕ್ಕೆ ಹೋಯಿತು. ಏನು ಮಾಡಲಿ?

ಇದನ್ನು ಗಮನಿಸಿದ್ದೀರಲ್ಲ, ಒಳ್ಳೆಯದು. ಎಷ್ಟೋ ಜನ ಗಮನಿಸುವುದೇ ಇಲ್ಲ. ನಮ್ಮ ಪಾತ್ರಗಳಲ್ಲಿ ಎಡ ಬಲ ಒಂದೇ ಆಗಿರುವುದು ಕಡಿಮೆ. ಸೆರಗು, ಬೈತಲೆ, ಮೂಗುತಿ, ಜನಿವಾರ, ಕೈಗಡಿಯಾರ, ಅಂಗಿಯ ಜೇಬು ಎಲ್ಲಕ್ಕೂ ಒಂದು ಕಡೆ ಇದೆ. ಇಂಥವನ್ನು ದೇಹದ ಚಿತ್ರದೊಳಗೆ ಬರೆಯಬೇಡಿ. ಬೇರೆ ಲೇಯರ್‌ನಲ್ಲಿಟ್ಟು ಅದೇ ಬೋನ್‌ಗೆ ಕಟ್ಟಿ. ದೇಹ ಮಗುಚಿಕೊಳ್ಳಲಿ, ಸೆರಗಿಗೆ ಪಾತ್ರ ಎಡಕ್ಕೆ ನೋಡುವಾಗಿನದೊಂದು, ಬಲಕ್ಕೆ ನೋಡುವಾಗಿನದೊಂದು ಚಿತ್ರ ಇರಲಿ. ನೆಲ್ಲಿಕಾಯಿ ಗಾತ್ರದ ಕೆಲಸ, ಆದರೆ ಇದು ತಪ್ಪಿದರೆ ನಮ್ಮ ಮನೆಯ ಅಜ್ಜಿಯರು ಮೊದಲು ಹಿಡಿಯುವುದು ಇದನ್ನೇ.

ಮುಕ್ಕಾಲು ನೋಟ ಬರೆದಾಗ ಮುಖ ಚಪ್ಪಟೆಯಾಗಿ, ಕಣ್ಣು ಮೂಗು ಪಕ್ಕಕ್ಕೆ ಜಾರಿದಂತೆ ಕಾಣುತ್ತದೆ. ಎಲ್ಲಿ ತಪ್ಪಿದೆ?

ಇದಕ್ಕೆ ಒಂದು ತೆಂಗಿನಕಾಯಿ ತೆಗೆದುಕೊಳ್ಳಿ. ಜುಟ್ಟು ಸುಲಿದು ಬೋಳಿಸಿದ್ದು. ಸೀಮೆಸುಣ್ಣದಿಂದ ನಡುವೆ ಉದ್ದಕ್ಕೆ ಒಂದು ಗೆರೆ, ಕಣ್ಣಿನ ಎತ್ತರಕ್ಕೆ ಅಡ್ಡ ಒಂದು ಗೆರೆ ಎಳೆಯಿರಿ. ಮೇಜಿನ ಮೇಲಿಟ್ಟು ನಿಧಾನ ತಿರುಗಿಸುತ್ತ ಉದ್ದದ ಗೆರೆಯನ್ನು ನೋಡಿ. ಶುರುವಿನಲ್ಲಿ ಅದು ಬೇಗ ಬೇಗ ಪಕ್ಕಕ್ಕೆ ಹೋಗುತ್ತದೆ. ಅಂಚಿಗೆ ಬಂದ ಮೇಲೆ ನಿಂತೇ ಬಿಟ್ಟಂತೆ ಕಾಣುತ್ತದೆ. ನೀವು ಮಾತ್ರ ಒಂದೇ ವೇಗದಲ್ಲಿ ತಿರುಗಿಸುತ್ತಿದ್ದೀರಿ.

ಲೆಕ್ಕದಲ್ಲಿ ಹೇಳುತ್ತೇನೆ. ತಲೆಯ ಅಗಲ 200 ಪಿಕ್ಸೆಲ್ ಎಂದುಕೊಳ್ಳಿ. ನಡುವಿನ ಗೆರೆ 30 ಡಿಗ್ರಿ ತಿರುಗಿದಾಗ 50 ಪಿಕ್ಸೆಲ್ ಸರಿದಿರುತ್ತದೆ. 45 ಡಿಗ್ರಿಗೆ 71, 60 ಡಿಗ್ರಿಗೆ 87, ಪೂರ್ತಿ 90ಕ್ಕೆ 100. ಅಂದರೆ ಮೊದಲ ಮೂರನೇ ಒಂದು ಭಾಗದ ತಿರುವಿನಲ್ಲೇ ಅರ್ಧ ದಾರಿ ಮುಗಿಯುತ್ತದೆ, ಕೊನೆಯ ಮೂರನೇ ಒಂದು ಭಾಗಕ್ಕೆ ಉಳಿಯುವುದು 13 ಪಿಕ್ಸೆಲ್ ಮಾತ್ರ. ಶಾಲೆಯಲ್ಲಿ ಕಲಿತ ಸೈನ್, ಕೊಸೈನ್ ಇದೇ. ನೀವು ಮುಂದಿನ ನೋಟ ಮತ್ತು ಪಕ್ಕದ ನೋಟ ಎರಡನ್ನೇ ಕೊಟ್ಟು ನಡುವಿನದನ್ನು ಕಂಪ್ಯೂಟರಿಗೆ ಬಿಟ್ಟರೆ ಅದು 45 ಡಿಗ್ರಿಗೆ 50 ಪಿಕ್ಸೆಲ್ ಸರಿಸುತ್ತದೆ. ಬೇಕಾಗಿದ್ದು 71. ಮುಖ ಜಾರಿದಂತೆ ಕಾಣುವುದು ಇದರಿಂದಲೇ. ಹಾಗಾಗಿ ನಡುವಿನ ಚಿತ್ರವನ್ನು ಕೈಯಾರೆ ಕೊಡಬೇಕು.

ಅಗಲ ಕುಗ್ಗುವುದು ಇದರ ಉಲ್ಟಾ. ಶಿರಸಿಯಲ್ಲಿ ಮಾರಿಕಾಂಬಾ ಜಾತ್ರೆ ಇಲ್ಲದ ವರ್ಷ ಹೋಳಿಯ ಸಮಯಕ್ಕೆ ಬೇಡರ ವೇಷ ಕುಣಿಯುತ್ತದಲ್ಲ, ಅದನ್ನು ನೆನಪಿಸಿಕೊಳ್ಳಿ. ಬೆನ್ನಿಗೆ ಕಟ್ಟಿದ ನವಿಲುಗರಿ ಎದುರಿಂದ ಬೀಸಣಿಗೆಯಷ್ಟು ಅಗಲ. ವೇಷ 30 ಡಿಗ್ರಿ ತಿರುಗಿದರೂ ಗರಿಯ ಅಗಲ ಹೆಚ್ಚು ಕಮ್ಮಿ ಹಾಗೇ ಇರುತ್ತದೆ, ನೂರಕ್ಕೆ 87. 60 ಡಿಗ್ರಿಗೆ ಅರ್ಧ. ಆಮೇಲೆ ಸರ್ರನೆ ಕುಗ್ಗಿ ಪಕ್ಕದಿಂದ ಒಂದು ಪಟ್ಟಿ ಮಾತ್ರ ಉಳಿಯುತ್ತದೆ. ಭುಜದ ಅಗಲವನ್ನೂ ಹೀಗೇ ಕುಗ್ಗಿಸಿ. ಆದರೆ ಮೈಗೆ ದಪ್ಪ ಇದೆ, ಗರಿಯ ಹಾಗೆ ಗೆರೆಯಾಗಬಾರದು.

ಇನ್ನು ಮೂರು ಮಾತು. ಮೂಗು ಮುಖದಿಂದ ಮುಂದೆ ಚಾಚಿದೆ, ಅದಕ್ಕೇ ಕಣ್ಣಿಗಿಂತ ಜಾಸ್ತಿ ಸರಿಯಬೇಕು. ಕಿವಿ ತಲೆಯ ಎರಡು ಪಕ್ಕಗಳಲ್ಲಿದೆ, ಹತ್ತಿರದ ಕಿವಿ ತಲೆಯ ನಡುವಿನ ಕಡೆ ಬರುತ್ತದೆ, ಆಚೆಯದು ಮರೆಯಾಗುತ್ತದೆ. ಆಚೆಯ ಕಣ್ಣು ಕಿರಿದಾಗುತ್ತದೆ, ಆದರೆ ತೆಂಗಿನಕಾಯಿಯ ಲೆಕ್ಕದಷ್ಟು ಕಿರಿದು ಮಾಡಬೇಡಿ. ನಿಜವಾದ ಮುಖ ಎದುರಿಗೆ ಸ್ವಲ್ಪ ಚಪ್ಪಟೆ. ತೀರಾ ಕಿರಿದಾದರೆ ಪಾತ್ರ ಕಣ್ಣು ಹೊಡೆದಂತೆ ಕಾಣುತ್ತದೆ.

ಸ್ಮಾರ್ಟ್ ಬೋನ್ ಡಯಲ್ ಕಟ್ಟುವ ಕ್ರಮ ಹೇಳಿ.

ಮೋಹೋದ ಮಾತು ಹೇಳುತ್ತೇನೆ, ನಾನು ದಿನಾ ಬಳಸುವುದು ಅದನ್ನೇ.

ತಲೆಯ ಪಕ್ಕದಲ್ಲಿ ಒಂದು ಸಣ್ಣ ಬೋನ್ ಹಾಕಿ. ಯಾವ ಬಿಂದುವನ್ನೂ ಅದು ಎಳೆಯಬಾರದು, ಅದರ ಬಲ ಸೊನ್ನೆ ಮಾಡಿ. ಅದು ಎಷ್ಟು ಡಿಗ್ರಿವರೆಗೆ ತಿರುಗಬಹುದು ಎಂದು ಮಿತಿ ಹಾಕಿ. ಆಮೇಲೆ ಅದೇ ಬೋನ್‌ನ ಹೆಸರಿನಲ್ಲಿ ಒಂದು ಆಕ್ಷನ್ ಮಾಡಿ. ಬೋನ್ ತಿರುಗಿದಾಗ ಏನೇನು ಬದಲಾಗಬೇಕು ಎಂದು ಬರೆದಿಡುವ ಜಾಗ ಅದು. ಆಕ್ಷನ್ ಒಳಗೆ ಬೋನ್ ತಿರುಗಿಸಿ, ಅದಕ್ಕೆ ತಕ್ಕಂತೆ ಕಣ್ಣು, ಮೂಗು, ಬಾಯಿ, ಕೂದಲ ಬಿಂದುಗಳನ್ನು ಒಂದೊಂದಾಗಿ ಸರಿಸಿ. ಇನ್ನೊಂದು ದಿಕ್ಕಿಗೆ ಅದೇ ಹೆಸರಿನ ಕೊನೆಗೆ ಒಂದು ಜಾಗ ಬಿಟ್ಟು 2 ಎಂದು ಬರೆದ ಇನ್ನೊಂದು ಆಕ್ಷನ್ ಬೇಕು. ತಲೆ ಎತ್ತುವುದಕ್ಕೂ ತಗ್ಗಿಸುವುದಕ್ಕೂ ಬೇರೆ ಡಯಲ್ ಇಡಿ.

ಆಕ್ಷನ್ ಒಳಗಿನ ಕೀಗಳ, ಅಂದರೆ ನೀವು ಗುರುತು ಹಾಕಿದ ಭಂಗಿಗಳ ನಡುವೆ ಚಲನೆ ಸಮವೇಗದ್ದಾಗಿರಲಿ. ನಿಧಾನ ಆಗುವುದು, ಜೋರಾಗುವುದು ಏನಿದ್ದರೂ ಹೊರಗಿನ ಟೈಮ್‌ಲೈನ್‌ನಲ್ಲಿ, ಅಂದರೆ ಇಡೀ ತುಣುಕಿನ ಫ್ರೇಮ್‌ಗಳ ಸಾಲಿನಲ್ಲಿ ಮಾಡಿ. ಎರಡು ಕಡೆ ವೇಗ ಬದಲಿಸಿದರೆ ಯಾವುದು ಎಲ್ಲಿಂದ ಬಂತು ಎಂದು ತಿಳಿಯುವುದೇ ಇಲ್ಲ. ಮತ್ತೆ, ಬೇಕಾದ ಬಿಂದುಗಳನ್ನೆಲ್ಲ ಚಲನೆ ಶುರುವಾಗುವ ಮೊದಲಿನ ಸೊನ್ನೆಯ ಫ್ರೇಮ್‌ನಲ್ಲೇ ಹಾಕಿ ಮುಗಿಸಿ. ಡಯಲ್ ಕಟ್ಟಿದ ಮೇಲೆ ಕೆನ್ನೆಗೆ ಒಂದು ಬಿಂದು ಸೇರಿಸಿದರೆ ಕಟ್ಟಿದ ಎಲ್ಲ ಭಂಗಿಗಳನ್ನೂ ಇನ್ನೊಮ್ಮೆ ಸರಿ ಮಾಡಬೇಕಾಗುತ್ತದೆ. ಬಿಂದು ಎಷ್ಟು ಕಡಿಮೆ ಇದ್ದರೆ ಗೆರೆ ಅಷ್ಟು ನಯ. ಕೆನ್ನೆಯಿಂದ ಗಲ್ಲಕ್ಕೆ ನಾಲ್ಕೈದು ಬಿಂದು ಸಾಕು.

ತಿರುಗಲು ಎಷ್ಟು ಫ್ರೇಮ್ ಕೊಡಬೇಕು?

ಸೆಕೆಂಡಿಗೆ 24 ಫ್ರೇಮ್ ಇಟ್ಟುಕೊಂಡು ಹೇಳುತ್ತೇನೆ. ಯಾರೋ ಕೂಗಿದಾಗ ತಟ್ಟನೆ ತಲೆ ತಿರುಗಿಸುವುದು 6ರಿಂದ 8 ಫ್ರೇಮ್. ಮಾತಾಡುತ್ತ ಸಹಜವಾಗಿ ತಿರುಗುವುದು 10ರಿಂದ 14. ವಯಸ್ಸಾದವರು, ದಣಿದವರು, ಬೇಸರದಲ್ಲಿ ಇರುವವರು 20 ದಾಟಬಹುದು. ಇಡೀ ಮೈ ತಿರುಗಲು 16ರಿಂದ 24. ಇದು ನನ್ನ ಕೈಯ ಅಳತೆ. ನಿಮ್ಮ ಪಾತ್ರದ ಸ್ವಭಾವ ನೋಡಿ ಹೆಚ್ಚು ಕಮ್ಮಿ ಮಾಡಿಕೊಳ್ಳಿ.

ಹೊಸಬರು ಮಾಡುವ ತಪ್ಪು ಎಂದರೆ ಜಾಸ್ತಿ ಫ್ರೇಮ್ ಕೊಡುವುದು. ನಡುವಿನ ಚಿತ್ರಗಳನ್ನು ಕಷ್ಟಪಟ್ಟು ಬರೆದಿದ್ದೇವೆ, ಎಲ್ಲರೂ ನೋಡಲಿ ಅನಿಸುತ್ತದೆ. ನೋಡುವವರಿಗೆ ಬೇಕಾದದ್ದು ಶುರುವಿನ ಭಂಗಿ ಮತ್ತು ಕೊನೆಯ ಭಂಗಿ. ಅಲ್ಲಿ ನಿಲ್ಲಿಸಿ, ನಡುವೆ ಬೇಗ ದಾಟಿ.

ಮೊದಲು ಯಾವ ಅಂಗ ತಿರುಗಬೇಕು?

ಸಾಮಾನ್ಯವಾಗಿ ಕಣ್ಣು. ಆಮೇಲೆ ತಲೆ, ಭುಜ, ಸೊಂಟ, ಪಾದ. ಒಂದಕ್ಕೂ ಇನ್ನೊಂದಕ್ಕೂ ಎರಡು ಮೂರು ಫ್ರೇಮ್ ಅಂತರ ಇರಲಿ. ಎಲ್ಲ ಕೀಗಳೂ ಒಂದೇ ಫ್ರೇಮ್‌ನಲ್ಲಿ ಸಾಲಾಗಿ ನಿಂತಿದ್ದರೆ ಪಾತ್ರ ಅಂಗಡಿಯ ಮುಂದಿನ ತಿರುಗುವ ಬೊಂಬೆಯಾಗುತ್ತದೆ. ಎಲ್ಲ ನಿಂತ ಮೇಲೆ ಜಡೆ, ಸೆರಗು, ಸರ ಇವು ಬಂದು ಸೇರಬೇಕು. ನಮ್ಮ ಕಡೆಯ ಹಾಲಕ್ಕಿ ಸಮುದಾಯದ ಹೆಂಗಸರ ಕೊರಳಿನ ಮಣಿಸರಗಳನ್ನು ನೋಡಿದ್ದೀರಲ್ಲ? ಅಷ್ಟು ಎಳೆಗಳಿಗೆ ಒಂದೊಂದು ಬೋನ್ ಹಾಕಲು ಆಗುವುದಿಲ್ಲ. ನಾನು ಎಲ್ಲವನ್ನೂ ಮೂರು ಗುಂಪು ಮಾಡಿ, ಕೊರಳಿಗೆ ಹತ್ತಿರದ ಗುಂಪು ಬೇಗ, ಹೊರಗಿನ ಉದ್ದದ ಗುಂಪು ತಡವಾಗಿ ನಿಲ್ಲುವಂತೆ ಮಾಡುತ್ತೇನೆ.

ಆದರೆ ಕಣ್ಣು, ತಲೆ, ಭುಜ ಎನ್ನುವ ಕ್ರಮವನ್ನು ಮಂತ್ರದ ಹಾಗೆ ಎಲ್ಲ ಕಡೆ ಹೇಳಬೇಡಿ. ಮೀನು ಬುಟ್ಟಿ ಹೊತ್ತ ಹೆಂಗಸಿನ ಪಾತ್ರ ಮಾಡುವಾಗ ನಾನು ಕ್ರಮ ಬಿಡದೆ ಮಾಡಿದ್ದೆ. ತಲೆ ಮೊದಲು, ಭುಜ ಆಮೇಲೆ. ಎಷ್ಟು ತಿದ್ದಿದರೂ ಬುಟ್ಟಿಯಲ್ಲಿ ಭಾರವೇ ಇಲ್ಲದಂತೆ ಕಾಣುತ್ತಿತ್ತು. ಕೊನೆಗೆ ಅಂಕೋಲಾ ಪೇಟೆಗೆ ಹೋಗಿ ನಿಂತೆ. ಒಬ್ಬರು ಬುಟ್ಟಿ ಹೊತ್ತು ಬರುತ್ತಿದ್ದವರು ನನ್ನನ್ನು ನೋಡಿ, “ಎಂತ ಬೇಕು? ಬಂಗಡೆ ಉಂಟು” ಅಂದರು. “ಮೀನೂ ಬೇಕು ಅಕ್ಕಾ, ನೀವು ತಿರುಗೋದನ್ನೂ ನೋಡ್ಬೇಕು” ಅಂದೆ. ಅವರು ನಕ್ಕು, ಬುಟ್ಟಿ ಇಳಿಸದೆ ಎರಡು ಸಲ ತಿರುಗಿ ತೋರಿಸಿದರು.

ಆಗ ಕಂಡಿದ್ದು ಇದು. ಕಣ್ಣು ಮೊದಲು ಹೋಗುತ್ತದೆ, ಅದು ಸರಿ. ಆದರೆ ತಲೆ ಬುಟ್ಟಿಯ ಕೆಳಗೆ ನೆಟ್ಟಗೆ ನಿಂತಿರುತ್ತದೆ. ಕಣ್ಣಿನ ಹಿಂದೆಯೇ ಪಾದ ತಿರುಗುತ್ತದೆ, ಪುಟ್ಟ ಪುಟ್ಟ ಎರಡು ಮೂರು ಹೆಜ್ಜೆ. ಆಮೇಲೆ ಸೊಂಟ. ಭುಜ, ಕತ್ತು, ತಲೆ, ಬುಟ್ಟಿ ನಾಲ್ಕೂ ಒಂದೇ ಕಂಬದ ಹಾಗೆ ಕೂಡಿ ಬರುತ್ತವೆ. ನೆತ್ತಿ ಮೇಲೆ ಕೆಳಗೆ ಆಗುವುದೇ ಇಲ್ಲ, ಮೊಣಕಾಲು ಎಲ್ಲ ಕುಲುಕನ್ನೂ ನುಂಗುತ್ತದೆ. ಮನೆಗೆ ಬಂದು ಕ್ರಮ ಬದಲಿಸಿದೆ. ಬುಟ್ಟಿಗೆ ಭಾರ ಬಂತು.

ಬೇಡರ ವೇಷದ್ದು ಇನ್ನೊಂದು ಬಗೆ. ವೇಷಧಾರಿಯ ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಹಿಂದಿನವರು ಹಿಡಿದಿರುತ್ತಾರೆ. ಅವರು ಎಳೆದಾಗ ಸೊಂಟ ಮೊದಲು ಹೋಗಬೇಕು, ತಲೆ ಕೊನೆಗೆ. ಮನಸ್ಸಿನಿಂದ ತಿರುಗಿದರೆ ಕಣ್ಣು ಮುಂದೆ, ಬೇರೆಯವರು ತಿರುಗಿಸಿದರೆ ಹಿಡಿದ ಜಾಗ ಮುಂದೆ. ಕೀ ಹಾಕುವ ಮೊದಲು ಈ ಪಾತ್ರ ಯಾಕೆ ತಿರುಗುತ್ತಿದೆ ಎಂದು ಕೇಳಿಕೊಳ್ಳಿ, ಕ್ರಮ ತಾನಾಗಿ ಸಿಗುತ್ತದೆ.

ಸ್ವಿಚ್ ಬದಲಾಗುವಾಗ ಜಿಗಿತ ಕಾಣುತ್ತದೆ. ಹೇಗೆ ಮುಚ್ಚುವುದು?

ಚಲನೆ ಅತ್ಯಂತ ಜೋರಾಗಿರುವ ಫ್ರೇಮ್‌ನಲ್ಲಿ ಬದಲಿಸಿ. ಅಲ್ಲಿ ಕಣ್ಣಿಗೆ ಏನೂ ನಿಲ್ಲುವುದಿಲ್ಲ.

ಅದೇ ಹೊತ್ತಿಗೆ ತಲೆ ಸ್ವಲ್ಪ ಕೆಳಗಿಳಿಯಲಿ. ನಾವು ತಿರುಗುವಾಗ ಗಲ್ಲ ಹಗ್ಗದ ಮಂಚದ ಹಾಗೆ ನಡುವೆ ತಗ್ಗಿ ಮತ್ತೆ ಏಳುತ್ತದೆ. ನೆಟ್ಟ ಗೆರೆಯಲ್ಲಿ ಹೋಗುವುದಿಲ್ಲ. ಇದಕ್ಕೆ ಕತ್ತಿನ ಬೋನ್ ಸಾಕು. ನಡುವೆ ರೆಪ್ಪೆಯನ್ನೂ ಒಮ್ಮೆ ಮುಚ್ಚಿಸಿ. ತಿರುಗುವಾಗ ರೆಪ್ಪೆ ಬಡಿಯುವುದು ಸಹಜವೇ, ಮತ್ತೆ ಕಣ್ಣು ಮುಚ್ಚಿದ ಮುಖದಲ್ಲಿ ಹೋಲಿಸಲು ಗುರುತು ಕಡಿಮೆ.

ಇಷ್ಟಾದರೂ ಜಿಗಿದರೆ ಎರಡು ಚಿತ್ರಗಳ ಹೊರಗೆರೆ ಕೂಡುತ್ತಿಲ್ಲ ಎಂದರ್ಥ. ಬದಲಾಗುವ ಮೊದಲಿನ ಫ್ರೇಮ್ ಮತ್ತು ನಂತರದ ಫ್ರೇಮ್ ಎರಡನ್ನೂ ಕಪ್ಪು ತುಂಬಿ ಒಂದರ ಮೇಲೊಂದು ಇಟ್ಟು ನೋಡಿ. ನೆತ್ತಿ, ಗಲ್ಲ, ಕುತ್ತಿಗೆಯ ಬುಡ ಮೂರೂ ಕೂಡಬೇಕು. ಡಯಲ್‌ನ ಕೊನೆಯ ಭಂಗಿಯನ್ನು ಪಕ್ಕದ ಚಿತ್ರದ ಕಡೆಗೆ ಇನ್ನೊಂದಿಷ್ಟು ತಳ್ಳಿ, ಪಕ್ಕದ ಚಿತ್ರಕ್ಕೂ ಒಂದು ಸಣ್ಣ ಡಯಲ್ ಹಾಕಿ ಮುಕ್ಕಾಲಿನ ಕಡೆಗೆ ಸ್ವಲ್ಪ ಎಳೆಯಿರಿ. ಎರಡೂ ನಡುದಾರಿಯಲ್ಲಿ ಭೇಟಿಯಾಗುತ್ತವೆ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಕೊಡಬೇಕಾದ ಜಾಗ ಇದು.

ಕೈ ಮೈಯ ಹಿಂದೆ ಹೋಗುವುದು ಯಾವಾಗ?

ಕೈ ಪೂರ್ತಿ ಮೈಯಿಂದ ಹೊರಗೆ ಇರುವ ಫ್ರೇಮ್‌ನಲ್ಲಿ ಲೇಯರ್‌ಗಳ ಕ್ರಮ ಬದಲಿಸಿ. ಎರಡೂ ಒಂದರ ಮೇಲೊಂದು ಇರುವಾಗ ಬದಲಿಸಿದರೆ ಕೈ ಮೈಯನ್ನು ಸೀಳಿಕೊಂಡು ಹೋದಂತೆ ಕಾಣುತ್ತದೆ. ಅಂಥ ಫ್ರೇಮ್ ಇಲ್ಲ ಅಂದರೆ ಕೈಯನ್ನು ಒಂದು ಫ್ರೇಮ್ ಹೊರಗೆ ಬೀಸಿ. ತಿರುಗುವವರ ಕೈ ಹೇಗೂ ಹೊರಗೆ ಬೀಸುತ್ತದೆ.

ಪಾದ ಜಾರುತ್ತದೆ.

ಒಂದು ಪಾದದ ಮೇಲೆ ಭಾರ ಬಿಟ್ಟು ಅದನ್ನು ನೆಲಕ್ಕೆ ಬಿಗಿ ಮಾಡಿ. ಹೆಚ್ಚಿನ ಸಾಫ್ಟ್‌ವೇರ್‌ಗಳಲ್ಲಿ ಪಾದದ ಗುರಿ ಬೋನ್ ಇರುತ್ತದೆ, ಅದನ್ನು ಅಲ್ಲೇ ನಿಲ್ಲಿಸಿದರೆ ಸೊಂಟ ಅಲ್ಲಾಡಿದರೂ ಪಾದ ಅಲ್ಲಾಡುವುದಿಲ್ಲ. ಇನ್ನೊಂದು ಪಾದ ಎತ್ತಿ, ಗಾಳಿಯಲ್ಲಿರುವಾಗ ಅದರ ನೋಟ ಬದಲಿಸಿ, ಹೊಸ ದಿಕ್ಕಿಗೆ ಇಳಿಸಿ. ಆಮೇಲೆ ಭಾರ ಅದಕ್ಕೆ ಹೋಗಲಿ, ಮೊದಲ ಪಾದ ಹಿಂಬಾಲಿಸಲಿ. ನೆಲದಲ್ಲಿ ಊರಿದ ಪಾದದ ಚಿತ್ರವನ್ನು ಎಂದೂ ಬದಲಿಸಬೇಡಿ.

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಒದ್ದೆ ಮರಳಿನ ಮೇಲೆ ಬರಿಗಾಲಲ್ಲಿ ತಿರುಗಿ ನೋಡಿ. ಯಾವ ಪಾದ ಎಲ್ಲಿ ಊರಿತು, ಯಾವುದು ಮುಂಗಾಲಲ್ಲಿ ತಿರುಚಿತು ಎಂಬುದೆಲ್ಲ ಗುರುತಾಗಿ ಉಳಿದಿರುತ್ತದೆ. ಫೋನಿನಲ್ಲಿ ಅದರ ಒಂದು ಫೋಟೋ ತೆಗೆದುಕೊಂಡು ಬನ್ನಿ.

ಯಕ್ಷಗಾನದ ವೇಷವನ್ನು ತಿರುಗಿಸಬೇಕು. ಸಾಧ್ಯವೇ?

ಸಾಧ್ಯ. ನಮ್ಮ ಕಡೆಯವರು ಬಹಳ ಜನ ಇದನ್ನೇ ಮಾಡಲು ಆಸೆ ಪಡುತ್ತಾರೆ. ಇಡಗುಂಜಿ ಮೇಳವನ್ನು ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ನೆಲ ಇದು, ಆ ಆಸೆ ಬರದೆ ಇರುತ್ತದೆಯೇ? ಆದರೆ ಮೊದಲ ಕೆಲಸವಾಗಿ ಇದನ್ನು ಹಿಡಿಯಬೇಡಿ.

ಒಂದು ಅನುಕೂಲ ಇದೆ. ಮುಂಡಾಸು ಉಬ್ಬಿಕೊಂಡು ದುಂಡಗಿರುತ್ತದೆ. ಹಾಗಾಗಿ ತಿರುಗುವಾಗ ಅದರ ಹೊರಗೆರೆ ಅಷ್ಟು ಬದಲಾಗುವುದಿಲ್ಲ. ಅದರ ಮೇಲಿನ ಪಟ್ಟಿಗಳು ಮಾತ್ರ ತೆಂಗಿನಕಾಯಿಯ ಗೆರೆಯ ಹಾಗೆ ಸರಿದರೆ ಸಾಕು. ಎದೆಯ ಆಭರಣ, ಭುಜದ ಆಭರಣ ಚಪ್ಪಟೆ ಹಲಗೆಗಳ ಹಾಗೆ, ನವಿಲುಗರಿಯ ಲೆಕ್ಕದಲ್ಲಿ ಕುಗ್ಗಿಸಿ.

ಕಷ್ಟ ಇರುವುದು ಚೌಕುಳಿ ಸೀರೆಯಲ್ಲಿ. ಚೌಕಗಳು ನಡುವೆ ಅಗಲ, ಅಂಚಿನ ಕಡೆ ಹೋದಂತೆ ಕಿರಿದು. ಮೈ ತಿರುಗಿದಾಗ ಪ್ರತಿ ಚೌಕವೂ ಅಗಲ ಬದಲಿಸಬೇಕು. ಇದನ್ನು ಒಂದೇ ಚಿತ್ರವಾಗಿ ಅಂಟಿಸಿ ಎಳೆದರೆ ಬಟ್ಟೆ ರಬ್ಬರಿನಂತಾಗುತ್ತದೆ. ನಾನು ಉದ್ದ ಗೆರೆಗಳನ್ನು ಬೇರೆ ಲೇಯರ್‌ನಲ್ಲಿಟ್ಟು ಡಯಲ್‌ಗೆ ಕಟ್ಟುತ್ತೇನೆ. ಅಡ್ಡ ಗೆರೆಗಳು ತಿರುಗುವಾಗ ಹೆಚ್ಚು ಬದಲಾಗುವುದಿಲ್ಲ, ಅವನ್ನು ಹಾಗೇ ಬಿಡುತ್ತೇನೆ.

ಯಕ್ಷಗಾನದ ಬಡಗು ಶೈಲಿಯಾದ ಬಡಗುತಿಟ್ಟಿನ ಮಂಡಿ ಹಾಕುವಾಗ, ಮಂಡಿಯ ಮೇಲೆ ಸುತ್ತುವ ವೇಗಕ್ಕೆ ಎಂಟು ನೋಟ ಬೇಕಾಗಿಯೇ ಇಲ್ಲ. ಮುಂದೆ, ಪಕ್ಕ, ಬೆನ್ನು, ಮತ್ತೊಂದು ಪಕ್ಕ, ನಾಲ್ಕು ಸಾಕು. ಒಂದು ಸುತ್ತಿಗೆ 12 ಫ್ರೇಮ್ ಇಟ್ಟರೆ ಒಂದೊಂದಕ್ಕೆ ಮೂರು ಫ್ರೇಮ್ ಬರುತ್ತದೆ. ನೋಟಗಳಿಗಿಂತ ಬಟ್ಟೆಯ ಮೇಲೆ ಹೆಚ್ಚು ಗಮನ ಕೊಡಿ. ಸುತ್ತು ಜೋರಾದಂತೆ ಅಂಚು ಹೊರಗೆ ಹರಡಬೇಕು, ಕಲಾವಿದರು ನಿಂತ ಮೇಲೂ ಬಟ್ಟೆ ಅದೇ ದಿಕ್ಕಿಗೆ ಇನ್ನೊಂದಿಷ್ಟು ಹೋಗಿ ಮೈಗೆ ಸುತ್ತಿಕೊಂಡು ವಾಪಸ್ ಬರಬೇಕು. ನಿಂತ ಮೇಲಿನ ಆ ಎಂಟು ಹತ್ತು ಫ್ರೇಮ್‌ಗಳಲ್ಲೇ ಸುತ್ತಿನ ರಭಸ ಗೊತ್ತಾಗುವುದು.

ವೇಷದ ಬೆನ್ನು ಬರೆಯಲು ರಂಗಸ್ಥಳದ ಫೋಟೋಗಳು ಸಾಲುವುದಿಲ್ಲ, ಅಲ್ಲಿ ಎಲ್ಲರೂ ತೆಗೆಯುವುದು ಎದುರಿನ ನೋಟ. ಕೇಳಿಕೊಂಡು ಚೌಕಿಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ ಹೋಗಿ. ಕಟ್ಟುವ ದಾರ, ಗಂಟು, ಮುಂಡಾಸಿನ ಹಿಂಭಾಗ ಎಲ್ಲ ಅಲ್ಲಿ ಕಾಣುತ್ತದೆ. ವೇಷ ಕಟ್ಟುವವರಿಗೆ ಅಡ್ಡ ಬರದಂತೆ ಮೂಲೆಯಲ್ಲಿ ಕೂತು ಪೆನ್ಸಿಲಿನಲ್ಲಿ ಬರೆದುಕೊಳ್ಳಿ.

ವಿಡಿಯೋ ತೆಗೆದು ನೋಡಿ ಮಾಡಬಹುದೇ?

ಮಾಡಲೇಬೇಕು. ಮೊದಲು ನಿಮ್ಮನ್ನೇ ತೆಗೆಯಿರಿ. ಬೇರೆಯವರಾದರೆ ಕೇಳಿ ತೆಗೆಯಿರಿ, ಪೇಟೆಯಲ್ಲಿ ಕೆಲಸ ಮಾಡುವ ಹೆಂಗಸರನ್ನಂತೂ ಕೇಳದೆ ತೆಗೆಯಲೇಬೇಡಿ. ಫೋನಿನ ವಿಡಿಯೋ ಬಹಳ ಸಲ ಸೆಕೆಂಡಿಗೆ 30 ಫ್ರೇಮ್ ಇರುತ್ತದೆ. ಅದರಲ್ಲಿ 10 ಫ್ರೇಮ್ ಎಣಿಸಿದ್ದು ನಿಮ್ಮ 24ರ ಟೈಮ್‌ಲೈನ್‌ನಲ್ಲಿ 8. ಇದನ್ನು ಮರೆತರೆ ಪಾತ್ರ ನಿಧಾನವಾಗುತ್ತದೆ.

ಮೇಲೆ ಮೇಲೆ ಗೆರೆ ಎಳೆದು ಟ್ರೇಸ್ ಮಾಡಬೇಡಿ. ಯಾವ ಅಂಗ ಯಾವ ಫ್ರೇಮ್‌ನಲ್ಲಿ ಶುರುವಾಯಿತು, ಎಲ್ಲಿ ನಿಂತಿತು ಎಂದು ಕಾಗದದಲ್ಲಿ ಬರೆದುಕೊಂಡು ವಿಡಿಯೋ ಮುಚ್ಚಿಡಿ.

ತ್ರೀ-ಡಿಯಲ್ಲಿ ಮಾಡಿದರೆ ಇಷ್ಟೆಲ್ಲ ಕಷ್ಟ ಇಲ್ಲ, ಅಲ್ವಾ?

ತಿರುಗಿಸುವ ಕಷ್ಟ ಇಲ್ಲ, ನಿಜ. ಬೆಳಕು, ಬಟ್ಟೆ, ಮುಖಭಾವ ಬೇರೆ ಕಷ್ಟ ಕೊಡುತ್ತವೆ. ಕೈಗೆರೆಯ ಚಿತ್ರ ಇಷ್ಟ ಅಂದರೆ ಟೂ-ಡಿಯಲ್ಲೇ ಇರಿ. ಒಂದು ಉಪಾಯ ಮಾತ್ರ ತ್ರೀ-ಡಿಯಿಂದ ಪಡೆಯಬಹುದು. ಬ್ಲೆಂಡರ್‌ನಲ್ಲಿ ಒಂದು ಗೋಲಕ್ಕೆ ಮೂಗು, ಎರಡು ಕಿವಿ ಅಂಟಿಸಿ ತಿರುಗಿಸಿ, 15 ಡಿಗ್ರಿಗೊಂದರಂತೆ ಚಿತ್ರ ತೆಗೆದಿಟ್ಟುಕೊಳ್ಳಿ.

ದುಡ್ಡು ಕೊಡದೆ ಸಿಗುವ ಸಾಫ್ಟ್‌ವೇರ್ ಯಾವುದು?

ಬ್ಲೆಂಡರ್, ಓಪನ್‌ಟೂನ್ಜ್, ಸಿನ್‌ಫಿಗ್. ಓಪನ್‌ಟೂನ್ಜ್ 2016ರಿಂದ ಎಲ್ಲರಿಗೂ ಉಚಿತ. ಮೂರರಲ್ಲೂ ಬೋನ್ ಹಾಕಬಹುದು. ಮೋಹೋಗೆ ದುಡ್ಡು ಕೊಡಬೇಕು. ಕಲಿಯುವಾಗ ಉಚಿತದ್ದೇ ಸಾಕು, ಮೇಲೆ ಹೇಳಿದ ಲೆಕ್ಕವೆಲ್ಲ ಅಲ್ಲೂ ಅದೇ.

ಮಳೆಗಾಲದಲ್ಲಿ ಕರೆಂಟು ಹೋಗುತ್ತದೆ. ಫೈಲ್ ಹೇಗೆ ಕಾಪಾಡುವುದು?

ಒಂದು ಆಷಾಢದ ರಾತ್ರಿ ನನ್ನ ಇಡೀ ಡಯಲ್ ಹೋಯಿತು. ಸೇವ್ ಆಗುತ್ತಿರುವಾಗಲೇ ಕರೆಂಟು ಹೋಗಿ ಫೈಲ್ ತೆರೆಯಲೇ ಇಲ್ಲ. ಆವತ್ತಿನಿಂದ ಪ್ರತಿ ಭಂಗಿ ಮುಗಿದಾಗಲೂ ಹೊಸ ಹೆಸರಿನಲ್ಲಿ ಸೇವ್ ಮಾಡುತ್ತೇನೆ: ತಲೆ 01, ತಲೆ 02, ಹೀಗೆ. ದಿನದ ಕೊನೆಗೆ ಒಂದು ಪ್ರತಿ ಪೆನ್ ಡ್ರೈವ್‌ಗೆ. ಕಂಪ್ಯೂಟರ್ ಡೆಸ್ಕ್‌ಟಾಪ್ ಆಗಿದ್ದರೆ ಯುಪಿಎಸ್ ಇಲ್ಲದೆ ಜೂನ್ ತಿಂಗಳು ಕಳೆಯಬೇಡಿ.

ಮಾಡಿದ್ದನ್ನು ತೋರಿಸಬೇಕು. ಏನೇನು ತರಲಿ?

ಮೂರು ಸೆಕೆಂಡಿನ ಒಂದು ತುಣುಕು ಸಾಕು. ಬಾಗಿಲ ಕಡೆ ನೋಡುತ್ತ ಕೂತ ಅಜ್ಜಿ, ಹಿಂದಿನಿಂದ ಮೊಮ್ಮಗು ಕೂಗಿದಾಗ ತಿರುಗುವುದು. ಹಿನ್ನೆಲೆ ಬೇಡ, ಬಣ್ಣ ಬೇಡ, ಸಂಗೀತ ಬೇಡ. ಅದನ್ನೇ ಇನ್ನೊಂದು ಪ್ರತಿಯಲ್ಲಿ ಪೂರ್ತಿ ಕಪ್ಪು ತುಂಬಿ ತನ್ನಿ. ಜೊತೆಗೆ ಐದು ನೋಟಗಳ ಹಾಳೆ, ಅಡ್ಡ ಗೆರೆಗಳ ಸಮೇತ. ನಾನು ಮೊದಲು ಕಪ್ಪು ತುಂಬಿದ್ದನ್ನು ನೋಡುತ್ತೇನೆ. ಅದರಲ್ಲಿ ಅಜ್ಜಿ ಯಾವ ಫ್ರೇಮ್‌ನಲ್ಲಿ ದನಿ ಕೇಳಿಸಿಕೊಂಡಳು ಎಂದು ಗೊತ್ತಾದರೆ, ಉಳಿದದ್ದನ್ನು ಕೂತು ಒಟ್ಟಿಗೆ ತಿದ್ದೋಣ.